ಮೂರು ತಾಲೂಕುಗಳ ಸ್ಕ್ರ್ಯಾಬಲ್ ಮೀಮಾಂಸೆ

ಸ್ಕ್ರ್ಯಾಬಲ್ ಎಂಬುದು 225 ಚೌಕಗಳ ಮಣೆಯ ಮೇಲೆ 100 ಬಿಲ್ಲೆಗಳಿಂದ ಆಡುವ ಪದಗಳ ಆಟ. ನ್ಯೂಯಾರ್ಕಿನ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಮುಗ್ಗಟ್ಟಿನಲ್ಲಿ, ಕೈಗೆ ಕೆಲಸವಿಲ್ಲದಾಗ ಇದನ್ನು ಕಟ್ಟಿದ. ಈಗಿನ ಹೆಸರು ಅಂಟಿದ್ದು 1948ರಲ್ಲಿ. ಆಡುವವರ ಮುಂದೆ ಏಳು ಬಿಲ್ಲೆ, ಒಂದೊಂದು ಅಕ್ಷರಕ್ಕೂ ಒಂದು ಬೆಲೆ. ಕರೆದಲ್ಲಿ ಬರುವ ಎ, ಇ, ಆರ್‌ಗಳಿಗೆ 1, ಜೆ ಅಕ್ಷರಕ್ಕೆ 8, ಕ್ಯೂ ಮತ್ತು ಝಡ್‌ಗೆ 10. ಏಳನ್ನೂ ಒಂದೇ ಏಟಿಗೆ ಇಳಿಸಿದವರಿಗೆ 50 ಅಂಕದ ಬಕ್ಷೀಸು. ಇದಕ್ಕಾಗಿ ಆಟದ ಘನಪಾಠಿಗಳು ಯಾರೂ ಬಳಸದ ವಿಚಿತ್ರ ಪದಗಳನ್ನು ವರ್ಷಗಟ್ಟಲೆ ಉರು ಹೊಡೆಯುತ್ತಾರೆ. ಆ ವಿಚಿತ್ರ ಪದಗಳಲ್ಲಿ ಹಲವು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲ, ಸಂತೆ, ಕಚೇರಿಗಳಲ್ಲಿ ಹೇಳುವವರು ಕೇಳುವವರಿಲ್ಲದೆ ಬಿದ್ದುಕೊಂಡಿವೆ ಎಂಬುದೇ ಪ್ರಸ್ತುತ ಶಾಸ್ತ್ರದ ಪ್ರತಿಜ್ಞೆ.

ಪದಗಳು ಅಲ್ಲಿಂದ ಆಟದ ಮಣೆಗೆ ಬಂದ ದಾರಿ ಸುಲಭದ್ದು. ಕಂಪನಿ ಸರಕಾರದ ದೊರೆಗಳು ಲೆಕ್ಕ ಬರೆಯುವಾಗ ದೇಶೀ ಪದಗಳನ್ನು ಹಾಗೆಯೇ ಇಂಗ್ಲಿಷಿಗೆ ಎತ್ತಿಕೊಂಡರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅವನ್ನು 'ಹಾಬ್ಸನ್-ಜಾಬ್ಸನ್' ಎಂಬ ಕೋಶದಲ್ಲಿ ರಾಶಿ ಹಾಕಿದರು. ದೊಡ್ಡ ನಿಘಂಟುಗಳಲ್ಲಿ ಇಂಥ ಪದಗಳು ನಿಂತವು, ನಿಘಂಟಿನಿಂದ ಆಟದ ಪಟ್ಟಿಗೆ ಇಳಿದವು. ಈಗ ಭಾರತ, ಬ್ರಿಟನ್ ಮೊದಲಾದ ಕಡೆ ಪ್ರಮಾಣವೆಂದರೆ ಕಾಲಿನ್ಸ್ ಪಟ್ಟಿ. ಅದರಲ್ಲಿದ್ದರೆ ಪದ, ಇಲ್ಲದಿದ್ದರೆ ಬರೀ ಬಾಯಿಮಾತು.

ಮೊದಲಿಗೆ ಧಾನ್ಯಕಾಂಡ. ಜೋವಾರ್ ಎಂದು ಬರೆದರೆ, ಬಣ್ಣದ ಚೌಕಗಳ ಲಾಭ ಬಿಟ್ಟು, 15 ಅಂಕ. ಬಾಲಕ್ಕೆ ಒಂದು ಐ ಸೇರಿಸಿ ಜೋವಾರಿ ಮಾಡಿದರೆ 16. ಅದನ್ನೇ ಬಡಿದು ಬೇಯಿಸಿ ರೋಟಿ ಮಾಡಿದೊಡನೆ 4ಕ್ಕೆ ಬೀಳುತ್ತದೆ. ಬೇಯಿಸುವ ಕೂಲಿ ಗಿಟ್ಟುವುದಿಲ್ಲ ಎಂಬ ಖಾನಾವಳಿಯವರ ಗೋಳಿಗೆ ಇದಕ್ಕಿಂತ ಬಲವಾದ ಶಾಸ್ತ್ರಾಧಾರ ಬೇಡ. ತೊಗರಿಯ ವಿಷಯ ಇನ್ನೂ ಸೂಕ್ಷ್ಮ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಆಟದ ಮಣೆಯಲ್ಲಿ ಮಾತ್ರ ದಾಲ್ ಎಂಬ ಮೂರಕ್ಷರದ ಬೇಳೆಗೆ 4 ಅಂಕ. ನಡುವೆ ಒಂದು ಎಚ್ ತುರುಕಿದರೆ ಅದೇ ಬೇಳೆ 8 ಆಗುತ್ತದೆ. ಆ ಎಚ್ ಡಿ ಪಕ್ಕದಲ್ಲಿ ಕುಳಿತರೂ ಎಲ್ ಪಕ್ಕದಲ್ಲಿ ಕುಳಿತರೂ ಪಟ್ಟಿ ತಕರಾರು ಎತ್ತುವುದಿಲ್ಲ. ಅಡತಿ ಅಂಗಡಿಯ ಕಟ್ಟೆಯ ಮೇಲೆ ಧಾರಣೆ ಏರಲೆಂದು ಚೀಲ ಕಾಯುವ ರೈತರಿಗೆ ಈ ಎಚ್ ಎಲ್ಲಿ ಸಿಗುತ್ತದೆಂಬುದನ್ನು ಯಾವ ಇಲಾಖೆಯೂ ತಿಳಿಸಿಲ್ಲ. ಇನ್ನು ಎರೆಭೂಮಿಗೆ ರೆಗರ್ ಎಂಬ ಹೆಸರಿದ್ದು, ಬೆಲೆ 6. ಮುಂಗಾರಿಯ ಖಾರಿಫ್‌ಗೆ 16, ಹಿಂಗಾರಿಯ ರಬಿಗೆ ಬರೀ 6. ಬಿಳಿಜೋಳವನ್ನು ಹಿಂಗಾರಿಗೇ ನೆಚ್ಚಿಕೊಂಡ ಈ ನೆಲಕ್ಕೆ ಇದು ಘೋರ ಅನ್ಯಾಯ.

ಹಣಕಾಂಡದಲ್ಲಿ ವಿದ್ವಾಂಸರು ದಿಕ್ಕೆಡುತ್ತಾರೆ. ಲಕ್ಷ, ಅಂದರೆ ಲಾಖ್, 11 ಅಂಕದ್ದು. ಕೋಟಿ, ಅಂದರೆ ಕ್ರೋರ್, 7 ಅಂಕದ್ದು. ಕೆ ಮತ್ತು ಎಚ್ ಇಲ್ಲದ ಕೋಟ್ಯಧೀಶರು ಇಲ್ಲಿ ಲಕ್ಷಾಧೀಶರ ಕಾಲಿಗೆ ಬೀಳಬೇಕು. ಒಂದು ತೊಲ ಬಂಗಾರಕ್ಕೆ 4, ಒಂದು ಮಣ ಏನಾದರೂ ಆಗಲಿ, ಜೊಂಡೇ ಆಗಲಿ, 8. ಮದುವೆ ಮಾತುಕತೆಗೆ ಕೂರುವವರು ಈ ಕೋಷ್ಟಕವನ್ನು ಬೀಗರ ಕೈಗೆ ಕೊಡದಿರುವುದು ಲೇಸು.

ಕಚೇರಿಕಾಂಡವೇ ಇವೆಲ್ಲಕ್ಕಿಂತ ಸಂಪನ್ನ. 1948ರ ಸೆಪ್ಟೆಂಬರ್‌ವರೆಗೆ ಈ ಮೂರೂ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಂದಾಯದ ಮಾತು ಇಂದಿಗೂ ಪಾರ್ಸಿಯ ಅಂಗಿ ತೊಟ್ಟಿದೆ. ತಾಲೂಕ್ 9 ಅಂಕ, ಕೊನೆಗೆ ಎ ಸೇರಿಸಿ ತಾಲೂಕಾ ಎಂದರೆ 10. ತಹಸೀಲ್ದಾರ್ ಎಂಬ ಪದ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರದ್ದು, ಕೈಯಲ್ಲಿರುವುದು ಏಳೇ ಬಿಲ್ಲೆ. ಹೀಗಾಗಿ ಮಣೆಯ ಮೇಲೆ ಬೇರೆಯವರು ಮೊದಲೇ ಎರಡಕ್ಷರ ಇಟ್ಟಿರದಿದ್ದರೆ ತಹಸೀಲ್ದಾರರು ಎಷ್ಟು ಕಾದರೂ ಸಿಗುವುದಿಲ್ಲ. ಪಹಣಿ ತಿದ್ದುಪಡಿಗೆ ಅಲೆದವರು ಈ ನಿಯಮವನ್ನು ಆಟ ಕಲಿಯದೆಯೇ ಬಲ್ಲರು. ತಹಸೀಲ್ದಾರರ ಬೆಲೆ 13, ಪಂಚಾಯತ್‌ನ ಬೆಲೆ 19. ಅಧಿಕಾರ ವಿಕೇಂದ್ರೀಕರಣ ಪೂರ್ತಿಯಾಗಿ ಜಾರಿಗೆ ಬಂದಿರುವುದು ಈ ಮಣೆಯ ಮೇಲೆ ಮಾತ್ರ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದಂಥ ಕಡೆಗಳ ಉರುಸಿಗೆ ಒಪ್ಪುವ ಕವ್ವಾಲಿಗೆ ಕ್ಯೂ ಒಂದು, ಡಬ್ಲ್ಯು ಎರಡು. ಪೆಟ್ಟಿಗೆಯಲ್ಲಿ ಇರುವ ಡಬ್ಲ್ಯುಗಳೇ ಎರಡು. ಸರಿಯಾಗಿ ಏಳಕ್ಷರ, 22 ಅಂಕ, ಬಕ್ಷೀಸು ಕೂಡಿ 72.

ಅಚ್ಚ ಕನ್ನಡದ ಪಾಲು ತೀರ ಕಡಿಮೆ. ಕಾಡುನಾಯಿಗೆ ಇಂಗ್ಲಿಷಿನವರು ಹೇಳುವ ಢೋಲ್ (9 ಅಂಕ) ನಮ್ಮ ತೋಳ ಇದ್ದೀತೆಂದು ಕೆಲವು ನಿಘಂಟುಗಳು ಶಂಕಿಸುತ್ತವೆ. ಶಂಕೆಯ ಲಾಭವನ್ನು ಕನ್ನಡಕ್ಕೆ ಕೊಡತಕ್ಕದ್ದು.

ಊರಿನ ಹೆಸರುಗಳಿಗೆ ಬಂದರೆ ಶಾಸ್ತ್ರ ನಿರ್ದಯವಾಗುತ್ತದೆ. ಅಂಕಿತನಾಮಕ್ಕೆ ಈ ಆಟದಲ್ಲಿ ಜಾಗವಿಲ್ಲ. ಏಳಕ್ಷರದ ಜೇವರ್ಗಿ ಒಂದೇ ಏಟಿಗೆ 68 ತರಬಲ್ಲದು, ಆದರೂ ಹೊರಗೆ. ಬೋರ್ಡುಗಳಲ್ಲಿ ಅದನ್ನು ವಿ ಹಾಕಿ ಬರೆಯುವವರೂ ಡಬ್ಲ್ಯು ಹಾಕಿ ಬರೆಯುವವರೂ ಇದ್ದಾರೆ. ಎರಡಕ್ಕೂ ಬೆಲೆ 4 ಆದ್ದರಿಂದ ಈ ಪಾಠಾಂತರದ ಜಗಳ ನಿರರ್ಥಕ. ಅಫಜಲಪುರಕ್ಕೆ 22 ಬರಬೇಕಿತ್ತು, ಬರಲಿಲ್ಲ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಬಂದಾಗ ಜಿಲ್ಲೆಯ ಬೆಲೆ 12ರಿಂದ 17ಕ್ಕೆ ಏರಿತು, ಕಾಗದದ ಮೇಲೆ. ಆಳಂದವೊಂದೇ ಪಟ್ಟಿಯೊಳಗೆ ನುಸುಳಿದೆ, ಬೆಲೆ 6. ಶಿವಶರಣ ಏಕಾಂತದ ರಾಮಯ್ಯನ ಹುಟ್ಟೂರೆಂಬ ಗೌರವಕ್ಕಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದೇ ಅಕ್ಷರಗಳು ಒಂದು ದೊಡ್ಡ ಬೇಟೆನಾಯಿಯ ಹೆಸರು.

ಇದೇ ಸೀಮೆಯ ಒಡಪು ಇದಕ್ಕೆ ತದ್ವಿರುದ್ಧವಾದ ಆಟ. ಅಲ್ಲಿ ಅಂಕಿತನಾಮವೇ ಗೆಲುವು. ಮನೆ ತುಂಬಿಸುವ ಹೊತ್ತಿಗೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, "ಹೆಸರ ಹೇಳವ್ವಾ, ಆಮ್ಯಾಗ ಒಳಗ ಬಾ" ಎನ್ನುತ್ತಾರೆ. ಮದುಮಗಳು ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಮಡಚಿ ಹೇಳಿ ಹೊಸ್ತಿಲು ದಾಟಬೇಕು. ನಿಘಂಟು ಬೇಕಿಲ್ಲ, ತಪ್ಪಿದರೆ ತೀರ್ಪು ನಗೆಯ ರೂಪದಲ್ಲಿ ಆ ಕ್ಷಣವೇ ಬರುತ್ತದೆ.

ಅರ್ಥ ಬಲ್ಲವರಿಗೆ ಈ ಆಟ ಸಲೀಸು ಎಂಬ ಪೂರ್ವಪಕ್ಷವನ್ನು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಖಂಡಿಸಿದ್ದಾರೆ. ಫ್ರೆಂಚ್ ಮಾತಾಡಲು ಬಾರದ ಇವರು ಪದಪಟ್ಟಿ ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವಪ್ರಶಸ್ತಿ ಗೆದ್ದರು. ಜೋಳ ತಿಂದವರಿಗೆ ಕಾಗುಣಿತ ಗೊತ್ತಿಲ್ಲ, ಕಾಗುಣಿತ ಬಲ್ಲವರು ಜೋಳ ತಿಂದಿಲ್ಲ. ಆಕ್ಷೇಪ ಎದ್ದಾಗ ಗೆಲ್ಲುವವರು ಎರಡನೆಯವರೇ.

ಉಳಿದದ್ದು ಝಡ್ ಪ್ರಕರಣ. ನಿಜಾಮ್ ಸಾಮಾನ್ಯನಾಮವಾಗಿ ಪಟ್ಟಿಯಲ್ಲಿದ್ದು 16 ಅಂಕ ಪಡೆಯುತ್ತಾನೆ. ಕೊನೆಗೆ ಎಚ್ ಇರುವ ಜಿಲ್ಲಾ 18. ಪೆಟ್ಟಿಗೆಯಲ್ಲಿ ಝಡ್ ಒಂದೇ. ಇಬ್ಬರನ್ನೂ ಒಂದೇ ಮಣೆಯಲ್ಲಿ ಕೂರಿಸಬೇಕಾದರೆ ಜಿಲ್ಲಾ ನಿಜಾಮನ ಹೊಟ್ಟೆಯೊಳಗಿನ ಝಡ್‌ನಿಂದಲೇ ಕೆಳಗಿಳಿಯಬೇಕು. ಅದು ಒಲ್ಲದಿದ್ದರೆ ಖಾಲಿ ಬಿಲ್ಲೆಯನ್ನು ಝಡ್ ಎಂದು ಸಾರಬಹುದು. ಖಾಲಿ ಬಿಲ್ಲೆಗೆ ಅಂಕ ಸೊನ್ನೆ. ಆಗ ಜಿಲ್ಲೆಯ ಪಾಲಿಗೆ ಉಳಿಯುವುದು 8.