ಮನೆಅಳಿಯ ಗ್ರಾಫಿಕ್ಸ್

ನಮ್ಮ ಮನೆಗೆ ಬರುವ ಹುಡುಗರು ಚಪ್ಪಲಿ ಬಿಟ್ಟವರೇ ಮೂಲೆಯಲ್ಲಿರುವ ಕಂಪ್ಯೂಟರಿನ ಕಡೆ ನಡೆಯುತ್ತಾರೆ. "ದೊಡ್ಡಪ್ಪ, ಇದರಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಇದೆ?" ಕಾರ್ಡು ಅಂತ ಬೇರೆ ಏನೂ ಇಲ್ಲಪ್ಪ, ಎಲ್ಲಾ ಪ್ರೊಸೆಸರ್ ಒಳಗೇ ಇದೆ ಎಂದರೆ ಮುಖದಲ್ಲಿ ಕರುಣೆ ಮೂಡುತ್ತದೆ. ಪಾಪ, ಪಿಂಚಣಿಯಲ್ಲಿ ಎಷ್ಟಾದೀತು ಎನ್ನುವ ಥರದ ಕರುಣೆ. ಆಮೇಲೆ ನನ್ನ ಸಮಾಧಾನಕ್ಕೆಂದು ಒಂದು ಕೋಡುಬಳೆ ಹೆಚ್ಚಾಗಿ ತಿಂದು ಹೋಗುತ್ತಾರೆ.

ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಎಂದರೆ ಮನೆಅಳಿಯನೇ ಸರಿ. ಬಿಡಿ ಕಾರ್ಡಿಗಾದರೆ ತನ್ನದೇ ಮೆಮೊರಿ, ತನ್ನದೇ ಫ್ಯಾನು; ಸ್ವಲ್ಪ ದೊಡ್ಡ ಮನುಷ್ಯನಾದರೆ ಎಸ್‌ಎಂಪಿಎಸ್‌ನಿಂದ ತನಗೆಂದೇ ಪ್ರತ್ಯೇಕ ವೈರು. ಅಳಿಯನಿಗೆ ಅದ್ಯಾವುದೂ ಇಲ್ಲ. ಮಾವನ ಮನೆಯಲ್ಲೇ ವಾಸ, ಮಾವನ ರ್‍ಯಾಮಿನಲ್ಲೇ ಊಟ. ಎಂಟು ಜಿಬಿ ಹಾಕಿಸಿ ವಿಂಡೋಸ್ ತೆರೆದು ನೋಡಿದರೆ ಬಳಕೆಗೆ ಸಿಗುವುದು ಆರು ಜಿಬಿಗೂ ತುಸು ಕಡಿಮೆ ಎಂದು ತೋರಿಸುವುದುಂಟು. ಮಿಕ್ಕ ಎರಡನ್ನು ಅಳಿಯಂದಿರು, ಪಂಕ್ತಿ ಕೂರುವ ಮೊದಲೇ ತಮ್ಮ ಎಲೆಗೆ ಬಡಿಸಿಕೊಂಡಿರುತ್ತಾರೆ. ಇದು ತಿಳಿಯದೆ "ಡೂಪ್ಲಿಕೇಟ್ ರ್‍ಯಾಮ್ ಕೊಟ್ಟಿದ್ದೀರಿ" ಎಂದು ಅಂಗಡಿಯವರ ಜತೆ ಜಗಳಕ್ಕೆ ನಿಂತವರು ನಮ್ಮ ಬಂಧುಬಳಗದಲ್ಲೇ ಇದ್ದಾರೆ.

ಈ ಅಳಿಯ ಬಂದ ದಿನವೇ ನಡುಮನೆಗೆ ಕಾಲಿಟ್ಟವನಲ್ಲ. 1999ರಲ್ಲಿ ಇಂಟೆಲ್‌ನವರು 810 ಎಂಬ ಚಿಪ್‌ಸೆಟ್‌ನೊಳಗೆ ಗ್ರಾಫಿಕ್ಸ್ ಸೇರಿಸಿದಾಗ ಅವನ ವಾಸ ಮದರ್‌ಬೋರ್ಡಿನ ಮೇಲೆ, ಎಂದರೆ ಜಗಲಿಯಲ್ಲಿ. 2010ರ ಜನವರಿಯಲ್ಲಿ ಪ್ರೊಸೆಸರಿನ ಮುಚ್ಚಳದೊಳಗೇ ಬಂದ. ಆದರೆ ಸಿಲಿಕಾನ್ ತುಂಡು ಬೇರೆ, ಮಗ್ಗುಲಲ್ಲಿ ಹಾಸಿಗೆ ಅಷ್ಟೆ. ಮರುವರ್ಷದ ಸ್ಯಾಂಡಿ ಬ್ರಿಡ್ಜ್ ಚಿಪ್ಪಿನಲ್ಲಿ ಒಂದೇ ಸಿಲಿಕಾನ್ ಮೇಲೆ ಸಂಸಾರ ಹೂಡಿದ. ಎಎಂಡಿಯವರ ಮನೆಯ ಮದುವೆ ಇನ್ನೂ ಅದ್ದೂರಿಯದು. 2006ರಲ್ಲಿ ಕೆನಡಾದ ಎಟಿಐ ಎಂಬ ಗ್ರಾಫಿಕ್ಸ್ ಕಂಪನಿಯನ್ನೇ ಸುಮಾರು 540 ಕೋಟಿ ಡಾಲರ್ ಕೊಟ್ಟು ಮನೆ ತುಂಬಿಸಿಕೊಂಡರು. ಮದುವೆ ಸಾಲ ಯಾರನ್ನು ಬಿಟ್ಟೀತು? ಮೂರು ವರ್ಷ ತುಂಬುವ ಮೊದಲೇ ತಮ್ಮ ಚಿಪ್ ಕಾರ್ಖಾನೆಗಳನ್ನು ಬೇರೆ ಕಂಪನಿ ಮಾಡಿ ಕೈಬಿಡಬೇಕಾಯಿತು. ಆ ಸಂಬಂಧದ ಮೊದಲ ಫಲ ಕಣ್ಣಿಗೆ ಬಿದ್ದದ್ದು 2011ರಲ್ಲಿ.

ಅಳಿಯ ನಿಜವಾಗಿ ದುಡಿಯುತ್ತಾನೆ ಎಂದು ಊರಿಗೆಲ್ಲ ತಿಳಿದದ್ದು 2018ರ ಫೆಬ್ರವರಿಯಲ್ಲಿ, ಎಎಂಡಿಯವರ ರೈಜನ್ 3 2200ಜಿ ಬಂದಾಗ. ಬೆಲೆ 99 ಡಾಲರ್. ನಾಲ್ಕು ಕೋರು, ಜತೆಗೆ ವೇಗಾ 8 ಗ್ರಾಫಿಕ್ಸ್. ಅಗ್ಗದ ಬಿಡಿ ಕಾರ್ಡುಗಳು ಅದನ್ನು ಕಂಡು ಬೆವರಿದವು. ಆದರೆ ಒಂದು ತಮಾಷೆಯಾಯಿತು. ಹಳೆಯ ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಈ ಹೊಸ ಪ್ರೊಸೆಸರ್ ಸರಿಯಾಗಿ ಕೂರುತ್ತಿತ್ತು, ಬಯೋಸ್ ಮಾತ್ರ ಅದರ ಗುರುತು ಹಿಡಿಯುತ್ತಿರಲಿಲ್ಲ. ಬಯೋಸ್ ಅಪ್‌ಡೇಟ್ ಮಾಡೋಣವೆಂದರೆ ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗಬೇಕಾದರೆ ಬಯೋಸ್ ಅಪ್‌ಡೇಟ್ ಆಗಿರಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಎಂಜಿನಿಯರುಗಳು ಸೇರಿ ಸಾಕ್ಷಾತ್ಕರಿಸಿದ್ದರು. ಕೊನೆಗೆ ಕಂಪನಿ ಕಂಡುಕೊಂಡ ಉಪಾಯ: ಕೇಳಿದವರಿಗೆ ಒಂದು ಹಳೆಯ ಪ್ರೊಸೆಸರನ್ನು ಎರವಲು ಕಳಿಸುವುದು, ಅದನ್ನು ಕೂರಿಸಿ ಬಯೋಸ್ ಬದಲಿಸಿಕೊಂಡು ವಾಪಸು ಕಳಿಸುವುದು. ಹೊಸ ಅಳಿಯನನ್ನು ಒಳಗೆ ಕರೆದುಕೊಳ್ಳಲು ಹಳೆಯ ಅಳಿಯನೊಬ್ಬ ಬಂದು ಬಾಗಿಲು ತೆಗೆದು ಹೋಗುವ ಶಾಸ್ತ್ರ ಯಾವ ಸೀಮೆಯಲ್ಲಿದೆಯೋ ಕಾಣೆ.

ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನವರಿಗೆ ಇಂಥದ್ದಕ್ಕೆ ಅಮೆರಿಕದ ಪಾರ್ಸೆಲ್ ಬೇಡ. ಕೌಂಟರಿನ ಕೆಳಗೆ ಒಂದು ಡ್ರಾಯರ್ ಇರುತ್ತದೆ, ಅದರಲ್ಲಿ ಹಳೆಯ ಪ್ರೊಸೆಸರು, ಅರ್ಧ ಒಣಗಿದ ಥರ್ಮಲ್ ಪೇಸ್ಟು, ಸ್ಕ್ರೂ, ಯಾರೋ ಬಿಟ್ಟುಹೋದ ಪೆನ್‌ಡ್ರೈವು. ಟೌನ್‌ಹಾಲ್ ಕಡೆಯಿಂದ ಹ್ಯಾಂಡ್‌ಕಾರ್ಟು, ಆಟೋ, ತಲೆಯ ಮೇಲೆ ಮಾನಿಟರ್ ಹೊತ್ತವರನ್ನೆಲ್ಲ ದಾಟಿಕೊಂಡು ಆ ಬೀದಿಗೆ ಬಂದರೆ ಮೊದಲ ಪ್ರಶ್ನೆ "ಬಿಲ್ ಬೇಕಾ ಸಾರ್?", ಎರಡನೆಯದು "ಗೇಮಿಂಗಾ, ಆಫೀಸಾ?" ಈ ಎರಡರ ನಡುವೆ ಮನೆ ಅನ್ನುವುದು ಒಂದಿದೆ ಎನ್ನುವುದನ್ನು ಅವರಿಗೆ ತಿಳಿಸಿಕೊಡುವುದು ಕಷ್ಟ. ಇದೇ ಊರಿನ ಇನ್ನೊಂದು ಮಗ್ಗುಲಲ್ಲಿ ಎಎಂಡಿ 2023ರ ನವೆಂಬರಿನಲ್ಲಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅಲ್ಲಿಯ ಎಂಜಿನಿಯರುಗಳನ್ನು ವಾರಕ್ಕೊಮ್ಮೆ ಎಸ್.ಪಿ. ರೋಡಿನ ಕೌಂಟರಿಗೆ ಕೂರಿಸಬೇಕು ಎಂಬುದು ನನ್ನ ಬಹುದಿನದ ಸಲಹೆ, ಯಾರೂ ಕೇಳಿಲ್ಲ.

ಮನೆ ಎಂದರೆ ಏನು ಕೆಲಸ? ಬೆಳಗ್ಗೆ ಯೂಟ್ಯೂಬಿನಲ್ಲಿ ಸುಪ್ರಭಾತ, ನಡುವೆ ಕರೆಂಟ್ ಬಿಲ್ಲು, ನುಡಿ ತಂತ್ರಾಂಶದಲ್ಲಿ ಸಂಘದ ಸರ್ವಸದಸ್ಯರ ಸಭೆಯ ನೋಟಿಸು, ರಾತ್ರಿ ತಪ್ಪಿಹೋದ ಧಾರಾವಾಹಿ. ವಿಡಿಯೋ ಬಿಡಿಸಿ ತೋರಿಸಲು ಅಳಿಯನಲ್ಲೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ, ಪ್ರೊಸೆಸರಿನ ಕೋರುಗಳಿಗೆ ಅಷ್ಟಾಗಿ ಆಯಾಸವಿಲ್ಲ. ಅಥ್ಲಾನ್ 200ಜಿಇ ಎಂಬ 55 ಡಾಲರಿನ ಬಡಪಾಯಿ ಇಷ್ಟನ್ನೂ 35 ವಾಟಿನ ಲೆಕ್ಕದಲ್ಲಿ ನಿಭಾಯಿಸುತ್ತಿತ್ತು. ಕರೆಂಟ್ ಹೋದಾಗ ಇದರ ಬೆಲೆ ತಿಳಿಯುತ್ತದೆ: ದೊಡ್ಡ ಕಾರ್ಡಿರುವ ಮನೆಯ ಯುಪಿಎಸ್ ಕೀರಲು ದನಿಯಲ್ಲಿ ಪ್ರಾಣ ಬಿಡುವಾಗ ನಮ್ಮದು ನೋಟಿಸು ಟೈಪಿಸಿ, ಸೇವ್ ಮಾಡಿ, ಕಾಗುಣಿತ ತಿದ್ದುವ ತನಕ ಕಾಯುತ್ತದೆ.

ಅಳಿಯನೇ ಬೇಡ ಎನ್ನುವವರಿಗೂ ಇಂಟೆಲ್ 2019ರಿಂದ ದಾರಿ ಮಾಡಿದೆ. ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಆ ಪ್ರೊಸೆಸರಿನ ಗ್ರಾಫಿಕ್ಸ್ ಕೆಲಸ ಮಾಡದು. ಅದನ್ನು ಅಲ್ಲಿಂದ ಕಿತ್ತು ತೆಗೆದಿರುವುದಿಲ್ಲ. ಕೋಣೆಗೆ ಬೀಗ ಜಡಿದಿರುತ್ತಾರೆ. ಬೆಲೆ ತುಸು ಕಮ್ಮಿ. ನಮ್ಮ ಬೀದಿಯ ರಾಯರೊಬ್ಬರು ಉಳಿತಾಯವಾಯಿತೆಂದು ಇದನ್ನೇ ತಂದು, ಕಾರ್ಡಿಲ್ಲದೆ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ ಕೂತರು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಕತ್ತಲು. ಮಾನಿಟರ್ ಬದಲಿಸಿದರು, ಕೇಬಲ್ ಬದಲಿಸಿದರು, ಕಂಪ್ಯೂಟರಿನ ದಿಕ್ಕನ್ನೂ ಈಶಾನ್ಯಕ್ಕೆ ಬದಲಿಸಿದರು.

ಇಷ್ಟಾಗಿಯೂ ಅಳಿಯನ ಶಕ್ತಿ ಇರುವುದು ಅವನ ಊಟದಲ್ಲಿ. ಡಿಡಿಆರ್4 3200 ರ್‍ಯಾಮ್ ಒಂದೇ ಹಾಕಿದರೆ ಸೆಕೆಂಡಿಗೆ 25.6 ಜಿಬಿ ದತ್ತಾಂಶ ಹರಿಯುತ್ತದೆ. ಅಷ್ಟೇ ಸಾಮರ್ಥ್ಯವನ್ನು ಎರಡು ಸ್ಟಿಕ್ಕಾಗಿ ಹಂಚಿ ಹಾಕಿದರೆ 51.2. ಹದಿನಾರು ಜಿಬಿಯ ಒಂದಕ್ಕಿಂತ ಎಂಟೆಂಟರ ಎರಡು ಮೇಲು ಎಂದು ನಾನು ಕೊಟೇಶನ್ ಚೀಟಿಯ ಮೇಲೆ ಗೀಚಿ ತಿದ್ದುತ್ತಿದ್ದೆ. ಅಂಗಡಿಯವರು "ನಿಮ್ಮಿಷ್ಟ ಸಾರ್" ಎಂದು ನಗುತ್ತಿದ್ದರು, ಆಗ ಅದು ಚಿಲ್ಲರೆ ಖರ್ಚು.

2025ರ ಕೊನೆಗೆ ಲೆಕ್ಕ ತಲೆಕೆಳಗಾಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಹೊತ್ತೊಯ್ಯತೊಡಗಿ, ರ್‍ಯಾಮಿನ ಬೆಲೆ ಅಟ್ಟ ಹತ್ತಿ ಕೂತಿತು. ಮೊನ್ನೆ ತಂಗಿಯ ಮಗನಿಗೆಂದು ಚೀಟಿ ಬರೆಸಿದರೆ ಎರಡು ಸ್ಟಿಕ್ಕಿನ ಬೆಲೆ ಪ್ರೊಸೆಸರಿನ ಬೆಲೆಯನ್ನು ದಾಟಿತ್ತು. "ಒಂದೇ ಹಾಕ್ಲಾ ಸಾರ್, ಇನ್ನೊಂದು ರೇಟ್ ಇಳಿದ ಮೇಲೆ?" ಎಂದರು ಅಂಗಡಿಯವರು. ಹುಡುಗ ನನ್ನ ಮುಖ ನೋಡಿದ. "ಎರಡೂ ಹಾಕಿ, ಆ ಬಣ್ಣದ ದೀಪದ ಕ್ಯಾಬಿನೆಟ್ ತೆಗೀರಿ" ಎಂದೆ. ಅವನಿಗೆ ಬೇಕಾಗಿದ್ದದ್ದು ಅದೊಂದೇ.