ನಲ್ಲಿ, ಚರಂಡಿ, ರಸ್ತೆ: ಬಳಸುವ ಮುನ್ನ ಓದಿ

ಅಭಿನಂದನೆಗಳು. ತಾವು ಸಿಂಗಾನಲ್ಲೂರಿನಲ್ಲಿ ಮನೆ ಮಾಡಿದ್ದೀರಿ. ಕೊಯಮತ್ತೂರು ಇಡೀ ದೇಶಕ್ಕೆ ವೆಟ್ ಗ್ರೈಂಡರನ್ನೂ ಪಂಪ್‌ಸೆಟ್ಟನ್ನೂ ಮಾಡಿ ಕಳಿಸುವ ಊರು. ಅವುಗಳ ಡಬ್ಬ ಬಿಚ್ಚಿದರೆ ಮಡಚಿಟ್ಟ ಕೈಪಿಡಿಯೊಂದು ಮೊದಲು ಕೈಗೆ ಸಿಗುತ್ತದೆ. ಊರಿನ ಜೊತೆಗೆ ಮಾತ್ರ ಯಾರೂ ಕೈಪಿಡಿ ಕೊಡುವುದಿಲ್ಲ. ಆ ಕೊರತೆ ನೀಗಲೆಂದು ಇದನ್ನು ಸಿದ್ಧಪಡಿಸಲಾಗಿದೆ. ಪೂರ್ತಿ ಓದಿ; ಕೈಪಿಡಿಗಳನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಬರೆದಿದ್ದೇವೆ.

ಮೊದಲು ಮಾದರಿಯನ್ನು ಪರೀಕ್ಷಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಅವರ ಪೂರ್ಣ ಹೆಸರಿನ ತಲೆಯಲ್ಲಿ ಕೂತಿರುವ ಸಿಂಗಾನಲ್ಲೂರು ಚಾಮರಾಜನಗರ ಜಿಲ್ಲೆಯದು. ಅದಕ್ಕೆ ಈ ಕೈಪಿಡಿ ಅನ್ವಯಿಸುವುದಿಲ್ಲ. ನಿಮ್ಮದು ತಿರುಚ್ಚಿ ರಸ್ತೆಯ ಮೇಲಿನದು: 1981ರವರೆಗೆ ಸ್ವಂತ ಪುರಸಭೆ ಇಟ್ಟುಕೊಂಡಿದ್ದು, ಆ ವರ್ಷ ಕೊಯಮತ್ತೂರು ಮಹಾನಗರ ಪಾಲಿಕೆಯಾದಾಗ ಅದರ ಹೊಟ್ಟೆಗೆ ಸೇರಿದ ಊರು. ಇಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆರಗಾಗಬೇಡಿ. ಕೊಯಮತ್ತೂರಿನ ದೇವಾಂಗ ನೇಕಾರ ಕುಟುಂಬಗಳು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಎಷ್ಟೋ ತಲೆಮಾರು ಕಳೆದಿವೆ. ನಲ್ಲಿಗೆ ನೀರು ಬಂದ ಗಳಿಗೆಯಲ್ಲಿ ಮಾತ್ರ ಎರಡು ಭಾಷೆಯೂ ಒಟ್ಟಿಗೆ ಹೊರಬೀಳುತ್ತವೆ.

ಉಪಕರಣದ ಭಾಗಗಳು

ಮನೆಗೆ ಎರಡು ಬಗೆಯ ನೀರು. ಬೋರ್‌ವೆಲ್ಲಿನ ಉಪ್ಪುನೀರು ಬಟ್ಟೆ, ಪಾತ್ರೆ, ಬಚ್ಚಲಿಗೆ. ಪಾಲಿಕೆಯ ಸಿಹಿನೀರು ಕುಡಿಯುವುದಕ್ಕೆ, ಅನ್ನಕ್ಕೆ, ಮತ್ತು ನೆಂಟರೆದುರು ಹೆಮ್ಮೆಪಡುವುದಕ್ಕೆ. ಸಿರುವಾಣಿ ನೀರಿನ ಸಿಹಿಗೆ ಜಗತ್ತಿನಲ್ಲೇ ಎರಡನೆಯ ಸ್ಥಾನ ಎಂದು ಇಲ್ಲಿನವರು ಹೇಳುವುದುಂಟು. ಮೊದಲನೆಯದು ಯಾವುದು ಎಂದು ಕೇಳಿ ಅವರನ್ನು ಪೇಚಿಗೆ ಸಿಲುಕಿಸಬೇಡಿ.

ಸಿರುವಾಣಿ ಅಣೆಕಟ್ಟು ನಿಂತಿರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯ ಕಾಡಿನೊಳಗೆ, ನೀರು ಕುಡಿಯುವುದು ತಮಿಳುನಾಡಿನ ಕೊಯಮತ್ತೂರು. ಒಂದು ಲೋಟ ನೀರಿಗೆ ಎರಡು ರಾಜ್ಯದ ಸಹಿ ಬೇಕೆಂಬ ವಿಷಯವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮೂಲ ಭವಾನಿ ನದಿಯ ಪಿಲ್ಲೂರು. ಅದರ ಮೂರನೆಯ ಯೋಜನೆ ಉದ್ಘಾಟನೆಯಾದದ್ದು 2024ರ ಫೆಬ್ರವರಿಯಲ್ಲಿ. ಊರಿನ ಪಶ್ಚಿಮಕ್ಕೆ ಸಿರುವಾಣಿ, ಪೂರ್ವಕ್ಕೆ ಹೆಚ್ಚಾಗಿ ಪಿಲ್ಲೂರು ಎಂಬುದು ಸ್ಥೂಲ ಹಂಚಿಕೆ. ಆದ್ದರಿಂದ ಸಿಂಗಾನಲ್ಲೂರಿನಲ್ಲಿ ಕೂತು ಸಿರುವಾಣಿಯ ಹೊಗಳಿಕೆಗೆ ತಲೆದೂಗುವವರು ಎಷ್ಟೋ ಸಲ ಭವಾನಿಯನ್ನು ಕುಡಿಯುತ್ತಿರುತ್ತಾರೆ.

ಉಳಿದ ಭಾಗಗಳು: ಶುದ್ಧೀಕರಣ ಘಟಕ, ಮೇಲ್ತೊಟ್ಟಿ, ನೆಲದಡಿಯ ಕೊಳವೆ, ವಾಲ್ವು. ಪಟ್ಟಿಯ ಕೊನೆಯಲ್ಲಿ, ಚಿತ್ರದಲ್ಲಿ ಕಾಣಿಸದ ಒಂದು ಭಾಗವಿದೆ. ನಸುಕಿನಲ್ಲಿ ಮೋಪೆಡ್ಡಿನ ಹಿಂದೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದು, ರಸ್ತೆಯ ನಡುವಿನ ಪುಟ್ಟ ಮುಚ್ಚಳ ಎತ್ತಿ, ಬಗ್ಗಿ ತಿರುಗಿಸಿ ಹೋಗುವವನು. ನಮ್ಮ ಕಡೆ ನೀರುಗಂಟಿ, ಇಲ್ಲಿ ವಾಲ್ವ್‌ಮನ್. ಉಪಕರಣದಲ್ಲಿ ನಿಜವಾಗಿ ಚಲಿಸುವ ಭಾಗ ಇದೊಂದೇ. ಯಾವ ಬೀದಿಗೆ ಎಷ್ಟು ಸುತ್ತು ಬಿಟ್ಟರೆ ಕೊನೆಯ ಮನೆಗೆ ನೀರು ತಲುಪುತ್ತದೆ ಎಂಬ ನಕ್ಷೆ ಅವನ ಮಣಿಕಟ್ಟಿನಲ್ಲಿದೆ. ಹುಬ್ಬಳ್ಳಿಯಲ್ಲಿ 2011ರ ಹೊತ್ತಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಇಂಥವರಿಂದಲೇ ಫೋನ್ ಮಾಡಿಸಿಕೊಂಡು, ಇನ್ನು ಸ್ವಲ್ಪ ಹೊತ್ತಿಗೆ ನೀರು ಬರುತ್ತದೆ ಎಂದು ಮನೆಗಳಿಗೆ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಮಾಡಿತ್ತು. ತಂತ್ರಜ್ಞಾನ ಏನೇ ಇರಲಿ, ಅದರ ಬುಡದಲ್ಲಿದ್ದದ್ದು ವಾಲ್ವು ತಿರುಗಿಸಿದವನ ಬಾಯಿಮಾತು.

ವಾಸನೆಯ ಬಗ್ಗೆ

ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತಿದೆ ಎಂಬುದು ನಿಮ್ಮ ಮೊದಲ ದೂರಾಗಿರುತ್ತದೆ. ದೂರನ್ನು ಬರೆದಿಟ್ಟುಕೊಳ್ಳಿ, ಕಳಿಸಬೇಡಿ. ಘಟಕದಿಂದ ಹೊರಟ ಕ್ಲೋರಿನ್ ನಿಮ್ಮ ಬೀದಿಯವರೆಗೂ ಜೀವ ಹಿಡಿದು ಬಂದಿದೆಯೆಂದೇ ಆ ವಾಸನೆಯ ಅರ್ಥ. ಭಾರತೀಯ ಮಾನಕ 10500ರ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಲೆಕ್ಕ ಹಾಕಿ: ತಾರಸಿಯ ಸಾವಿರ ಲೀಟರ್ ಟ್ಯಾಂಕಿಗೆ 0.2 ಗ್ರಾಂ, ಅಂದರೆ ಒಂದು ಚಿಟಿಕೆಗೂ ಕಡಿಮೆ. ಕಾಲರಾ, ಟೈಫಾಯ್ಡ್‌ಗಳನ್ನು ಬಾಗಿಲಾಚೆ ನಿಲ್ಲಿಸುವುದು ಆ ಚಿಟಿಕೆ. ಕೊಳವೆ ಉದ್ದವಾದಷ್ಟೂ, ತುಕ್ಕು ಮತ್ತು ಕೆಸರು ಹೆಚ್ಚಿದಷ್ಟೂ ಅದು ದಾರಿಯಲ್ಲೇ ಖರ್ಚಾಗುತ್ತದೆ. ಅದಕ್ಕೇ ಸಿಬ್ಬಂದಿ ಘಟಕದ ಬಾಗಿಲಲ್ಲಿ ಅಳೆದು ಸುಮ್ಮನಾಗುವಂತಿಲ್ಲ. ಬೀದಿಯ ಕಟ್ಟಕಡೆಯ ನಲ್ಲಿಯಲ್ಲಿ ಪುಟ್ಟ ಗಾಜಿನ ನಳಿಗೆಗೆ ನೀರು ಹಿಡಿದು, ಹನಿ ಔಷಧ ಹಾಕಿ, ಬಣ್ಣ ನೋಡಬೇಕು. ಬಣ್ಣ ಬಂದರೆ ನೆಮ್ಮದಿ, ಬರದಿದ್ದರೆ ಓಡಾಟ.

ರೋಗಕ್ಕೆ ಹೆದರುವುದು ಈ ಸೀಮೆಗೆ ಹೊಸದಲ್ಲ. ಪ್ಲೇಗು ಬಂದ ಕಾಲಕ್ಕೆ ಕೊಯಮತ್ತೂರಿನವರು ಪ್ಲೇಗ್ ಮಾರಿಯಮ್ಮನಿಗೆ ಗುಡಿ ಕಟ್ಟಿದರು. 2021ರಲ್ಲಿ ಪಕ್ಕದ ಇರುಗೂರಿನಲ್ಲಿ ಕೊರೊನಾ ದೇವಿಯ ಪ್ರತಿಷ್ಠೆಯೂ ಆಯಿತು. ಕ್ಲೋರಿನಮ್ಮನಿಗೆ ಮಾತ್ರ ಇನ್ನೂ ಯಾರೂ ಗುಡಿ ಎಬ್ಬಿಸಿಲ್ಲ. ಭಯ ಹುಟ್ಟಿಸದ ದೇವತೆಗೆ ಹರಕೆ ಹೊರುವವರು ಕಡಿಮೆ.

ಎಚ್ಚರಿಕೆ: ನಲ್ಲಿಗೆ ಮೋಟಾರು ಜೋಡಿಸಬೇಡಿ

ಈ ಪುಟವನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದಿದ್ದೆವು. ಆದರೆ ಪಂಪುಗಳ ರಾಜಧಾನಿಯಲ್ಲಿ ಕೂತು ಪಂಪು ಬೇಡ ಎನ್ನುವುದಕ್ಕೆ ತುಸು ಸಂಕೋಚವಾಯಿತು.

ಸಮಸ್ಯೆ ಇಷ್ಟು. ದಿನವಿಡೀ ನೀರು ತುಂಬಿ ಒತ್ತುತ್ತಿರುವ ಕೊಳವೆಗೆ ಬಿರುಕು ಬಿದ್ದರೆ ನೀರು ಹೊರಕ್ಕೆ ಚಿಮ್ಮುತ್ತದೆ. ಹಾಳಾಗುವುದು ರಸ್ತೆ ಮಾತ್ರ. ಕೆಲವೇ ಗಂಟೆ ನೀರು ಹರಿದು, ಉಳಿದ ಕಾಲವೆಲ್ಲ ಖಾಲಿ ಬಿದ್ದಿರುವ ಕೊಳವೆಯಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿದುಹೋಗುತ್ತದೆ. ಆಗ ಅದೇ ಬಿರುಕು ಬಾಯಿಯಾಗುತ್ತದೆ. ಪಕ್ಕದಲ್ಲೇ ಚರಂಡಿ ಹರಿಯುತ್ತಿರುತ್ತದೆ, ಏಕೆಂದರೆ ನಮ್ಮ ಬೀದಿಗಳ ಅಗಲದಲ್ಲಿ ಎರಡನ್ನೂ ದೂರದೂರ ಇಡಲು ಜಾಗವೆಲ್ಲಿ? ಚರಂಡಿಯ ನೀರು ಒಳಗೆ ಜಿನುಗುತ್ತದೆ. ಮಾರನೆಯ ಸಲ ನೀರು ಬಿಟ್ಟಾಗ ಅದು ಎಲ್ಲರಿಗಿಂತ ಮೊದಲು ನಿಮ್ಮ ಕೊಡಕ್ಕೆ ಬರುತ್ತದೆ.

ಇದು ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ಪ್ರಯೋಗ 2008ರ ಸುಮಾರಿಗೆ ಶುರುವಾಯಿತು, ಉಳಿದ ವಾರ್ಡುಗಳು ಹಳೆಯ ಸರದಿಯಲ್ಲೇ ಉಳಿದವು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಗೆ ಇಂಥ ಊರು ಸಿಕ್ಕಿದ್ದೇ ಭಾಗ್ಯವಾಯಿತು: ನದಿ ಅದೇ, ಘಟಕ ಅದೇ, ಸರಬರಾಜಿನ ರೀತಿ ಮಾತ್ರ ಬೇರೆ. ಎರಡೂ ಕಡೆಯ ನಲ್ಲಿಗಳಿಂದ ನೀರು ಹಿಡಿದು ನೋಡಿದಾಗ ಸರದಿಯ ಕಡೆ ಮಲಿನತೆಯ ಸೂಚಕ ಬ್ಯಾಕ್ಟೀರಿಯಾ ಹೆಚ್ಚಿತ್ತು. ನೀರು ಬಿಟ್ಟ ಮೊದಲ ಹೊತ್ತಿನಲ್ಲಂತೂ ಇನ್ನೂ ಹೆಚ್ಚು. ಕೊಯಮತ್ತೂರು ಪಾಲಿಕೆಯೂ 2018ರಲ್ಲಿ ಫ್ರಾನ್ಸಿನ ಸುಯೆಜ್ ಕಂಪನಿಯೊಡನೆ ದಿನವಿಡೀ ನೀರಿನ ಒಪ್ಪಂದ ಮಾಡಿಕೊಂಡಿತು. ಖಾಸಗಿಯವರ ಕೈಗೆ ನಲ್ಲಿ ಕೊಡುವುದು ಸರಿಯೇ ಎಂಬ ಜಗಳ ಬೇರೆ. ಅದಕ್ಕೆ ಬೇರೆಯೇ ಕೈಪಿಡಿ ಬೇಕು.

ಈಗ ಮೋಟಾರಿಗೆ ಬನ್ನಿ. ನೀವು ನಲ್ಲಿಯ ಕೊಳವೆಗೆ ಅರ್ಧ ಅಶ್ವಶಕ್ತಿಯ ಪಂಪು ಸಿಕ್ಕಿಸಿ ಎಳೆದರೆ, ನೀರು ಹರಿಯುವ ಹೊತ್ತಿನಲ್ಲೂ ಕೊಳವೆಯೊಳಗೆ ಖಾಲಿತನ ಹುಟ್ಟುತ್ತದೆ. ಬೀದಿಯ ತುದಿಯ ಮನೆಗೆ ನೀರಿಲ್ಲ. ನಿಮಗೆ ನೀರು ಹೆಚ್ಚು, ಜೊತೆಗೆ ಚರಂಡಿಯ ಪಾಲೂ ಹೆಚ್ಚು. ಕದ್ದ ಮಾಲು ಕಲಬೆರಕೆಯಾಗಿರುವುದು ಇಲ್ಲಿ ಭೌತಶಾಸ್ತ್ರದ ನಿಯಮ. ಆ ನೀರನ್ನು ಶುದ್ಧಮಾಡಲು ನೀವು ಇನ್ನೊಂದು ಯಂತ್ರ ಕೊಂಡು ಗೋಡೆಗೆ ತೂಗುಹಾಕುತ್ತೀರಿ. ಅದರ ಕೈಪಿಡಿಯೂ ನಿಮ್ಮಲ್ಲಿದೆ.

ಸರಿಯಾದ ವಿಧಾನ: ನೆಲಮಟ್ಟದಲ್ಲೊಂದು ಸಂಪು ಕಟ್ಟಿ, ನೀರು ತಾನಾಗಿ ಬಂದು ಬೀಳಲಿ. ಆಮೇಲೆ ಅಲ್ಲಿಂದ ತಾರಸಿಗೆ ಎಷ್ಟು ಅಶ್ವಶಕ್ತಿಯಲ್ಲಾದರೂ ಎತ್ತಿಕೊಳ್ಳಿ. ಬಂದ ಮೊದಲ ಎರಡು ಬಿಂದಿಗೆ ಗಿಡಗಳಿಗೆ.

ಮಳೆಗಾಲದ ಸೆಟ್ಟಿಂಗ್

ಉಪಕರಣಕ್ಕೆ ಎರಡು ಮಳೆಗಾಲಗಳಿವೆ, ಎರಡರ ಕೆಲಸವೂ ಬೇರೆ. ಜೂನ್‌ನಿಂದ ಸುರಿಯುವ ಮುಂಗಾರು ಪಶ್ಚಿಮ ಘಟ್ಟದ ಆಚೆ ಬದಿಯಲ್ಲೇ ಬಹುಪಾಲು ಇಳಿದು ಸಿರುವಾಣಿಯನ್ನು ತುಂಬಿಸುತ್ತದೆ. ಸಿಂಗಾನಲ್ಲೂರಿಗೆ ಬರುವುದು ಪಾಲಕ್ಕಾಡ್ ಕಣಿವೆಯ ಗಾಳಿ ಮಾತ್ರ. ಅಕ್ಟೋಬರ್, ನವೆಂಬರಿನ ಹಿಂಗಾರು ನೇರ ತಲೆಯ ಮೇಲೆ ಸುರಿದು ರಸ್ತೆ ತುಂಬಿಸುತ್ತದೆ. ಮೊದಲನೆಯದರಲ್ಲಿ ಊರು ಆಕಾಶಕ್ಕೆ ಕೈ ಮುಗಿಯುತ್ತದೆ, ಎರಡನೆಯದರಲ್ಲಿ ಪಾಲಿಕೆಗೆ ಬೈಯುತ್ತದೆ.

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ಹೊಳೆಯ ಕಾಲುವೆಗಳು ಊರಿನ ಕೆರೆಗಳನ್ನು ಒಂದರ ನಂತರ ಒಂದು ತುಂಬುತ್ತ ಪೂರ್ವಕ್ಕೆ ಸಾಗುತ್ತವೆ. ಸುಮಾರು 288 ಎಕರೆಯ ಸಿಂಗಾನಲ್ಲೂರು ಕೆರೆ ಈ ಸಾಲಿನ ಕೆಳಭಾಗದಲ್ಲಿದೆ. ಸಂಗನೂರು ಪಳ್ಳವೂ ಊರಿನ ಉತ್ತರವನ್ನೆಲ್ಲ ಬಳಸಿಕೊಂಡು ಕೊನೆಗೆ ಈ ಕಡೆಗೇ ಇಳಿಯುತ್ತದೆ. ಮೇಲಿನ ಬಡಾವಣೆಯವರು ಕೈಬಿಟ್ಟದ್ದೆಲ್ಲ ಕೆಳಗಿನವರ ಅಂಗಳಕ್ಕೆ ಬರಲೇಬೇಕು. 2017ರಲ್ಲಿ ಈ ಕೆರೆಯನ್ನು ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಸಾರಿದರು. ಹೆಜ್ಜಾರ್ಲೆಗಳಿಗೆ ಇದು ತಿಳಿದಿದೆ, ಅವು ಬರುತ್ತವೆ. ಪ್ಲಾಸ್ಟಿಕ್ ಚೀಲಗಳಿಗೂ ತಿಳಿದಂತಿದೆ.

ಹಿಂಗಾರಿಗೆ ಮುಂಚೆ ಸಿಬ್ಬಂದಿ ಮಳೆನೀರಿನ ಚರಂಡಿಯ ಹೂಳೆತ್ತಿ ದಡದಲ್ಲಿ ರಾಶಿ ಹಾಕುತ್ತಾರೆ. ಎತ್ತಿದವರು ಸಾಗಿಸದೆ ಹೋದರಲ್ಲ ಎಂದು ನೀವು ಫೋಟೋ ತೆಗೆಯುತ್ತೀರಿ. ಹಸಿ ಹೂಳನ್ನು ಲಾರಿಗೆ ತುಂಬಿದರೆ ಅದು ದಾರಿಯುದ್ದಕ್ಕೂ ಸೋರಿ ರಸ್ತೆಗೇ ಬೀಳುತ್ತದೆ. ಒಂದೆರಡು ದಿನ ಒಣಗಲೇಬೇಕು. ಇದು ಸಮರ್ಥನೆಯಾಯಿತು. ಆ ಎರಡು ದಿನ ಎರಡು ವಾರವಾಗಿ, ನಡುವೆ ಮಳೆ ಬಂದು ರಾಶಿಯನ್ನು ಚರಂಡಿಗೇ ಮರಳಿಸಿದರೆ ಅದಕ್ಕೆ ನಮ್ಮಲ್ಲಿ ಸಮರ್ಥನೆಯಿಲ್ಲ. ಹಾಗೆಯೇ ಕಾರು ಹತ್ತಿಸಲೆಂದು ನೀವು ಚರಂಡಿಯ ಮೇಲೆ ಹಾಸಿದ ಕಾಂಕ್ರೀಟು ಹಾಸಿಗೂ ಇಲ್ಲ. ಸಲಿಕೆ ಅದರ ಕೆಳಗೆ ಹೋಗುವುದಿಲ್ಲ. ಮಂಡಿಯುದ್ದ ನೀರು ನಿಂತ ದಿನ ನೀರುಳಿದ ಜಾಗಗಳನ್ನು ಗುರುತು ಹಾಕಿಕೊಂಡು ಹೋದರೆ ಇಂಥ ಹಾಸುಗಳೇ ಸಾಲಾಗಿ ಸಿಗುತ್ತವೆ.

ಮುಚ್ಚಳ ತೆಗೆಯಬೇಡಿ

ಒಳಚರಂಡಿ ಕಟ್ಟಿಕೊಂಡಾಗ, ಸೆಪ್ಟಿಕ್ ಟ್ಯಾಂಕ್ ತುಂಬಿದಾಗ, ಇಷ್ಟು ಹಣ ಕೊಟ್ಟರೆ ಒಬ್ಬನನ್ನು ಇಳಿಸುತ್ತೇನೆ ಎನ್ನುವವರು ಸಿಗುತ್ತಾರೆ. ಬೇಡ.

ಒಳಗಿರುವುದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದಂತೆ ಅದು ಮೂಗನ್ನೇ ಮರಗಟ್ಟಿಸುತ್ತದೆ; ವಾಸನೆ ನಿಂತಿತು, ಗಾಳಿ ಚೆನ್ನಾಗಿದೆ ಎಂದುಕೊಂಡವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ. 2013ರ ಕಾಯ್ದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ನಿಷೇಧ ಪಾಲಿಕೆಗೆ ಮಾತ್ರವಲ್ಲ, ಯಾವ ವ್ಯಕ್ತಿಗೂ ಅನ್ವಯಿಸುತ್ತದೆ. ಅಂದರೆ ಮನೆಯ ಯಜಮಾನರಿಗೂ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಕರ್ನಾಟಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ. ತಲೆಯಿಂದ ಇಳಿದ ಹೊರೆಗೆ ಮನುಷ್ಯನನ್ನೇ ಇಳಿಸುವುದು ಅರ್ಧ ಶತಮಾನದ ನಂತರವೂ ನಡೆದಿದೆ. ಹೀರುವ ಲಾರಿ ಇದೆ, ಒತ್ತಡದ ನೀರು ಚಿಮ್ಮಿಸುವ ಯಂತ್ರ ಇದೆ. ತಿರುವನಂತಪುರದ ಯುವಕರು 2018ರಲ್ಲಿ ಬ್ಯಾಂಡಿಕೂಟ್ ಎಂಬ ರೋಬೋ ಮಾಡಿ ಗುಂಡಿಗೆ ಇಳಿಸಿ ತೋರಿಸಿದ್ದಾರೆ. ಲಾರಿ ಬರಲು ಎರಡು ದಿನ ತಡವಾದರೆ ಎರಡು ದಿನ ಕಾಯಿರಿ.

ಡೈಪರು, ಪ್ಯಾಡು, ಮಿಕ್ಕ ಸಾಂಬಾರಿನ ಜಿಡ್ಡು ಒಳಚರಂಡಿಯ ಬಿಡಿಭಾಗಗಳಲ್ಲ. ಮೇಲೆ ಹೇಳಿದ ಲಾರಿಯನ್ನು ಕರೆಸುವುದು ಅವೇ.

ತೊಂದರೆ ಮತ್ತು ಪರಿಹಾರ

ನೀರು ಕೆಂಪಗೆ ಬಂದರೆ: ಎಲ್ಲೋ ಕೊಳವೆ ಒಡೆದು ಜೋಡಿಸಿದ್ದಾರೆ. ತಿಳಿಯಾಗುವವರೆಗೆ ಹರಿಯಬಿಡಿ, ಆಮೇಲೂ ಆ ದಿನ ಕುದಿಸಿ.

ನಡುರಾತ್ರಿ ಒಬ್ಬಾತ ಕಬ್ಬಿಣದ ಸಲಾಕೆಯನ್ನು ರಸ್ತೆಗೆ ಊರಿ ಅದರ ತುದಿಗೆ ಕಿವಿ ಇಟ್ಟು ನಿಂತಿದ್ದರೆ: ಪೊಲೀಸರಿಗೆ ಫೋನ್ ಮಾಡಬೇಡಿ. ಸೋರಿಕೆಯ ಸದ್ದು ಕೇಳುತ್ತಿದ್ದಾನೆ. ಹಗಲಿನ ತಿರುಚ್ಚಿ ರಸ್ತೆಯಲ್ಲಿ ಲಾರಿಗಳ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ನಿಮ್ಮ ನಾಯಿಯನ್ನು ಒಳಗೆ ಕಟ್ಟಿ.

ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಮರುವಾರ ಅಗೆದರೆ: ಉಪಕರಣ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಡಾಂಬರಿನ ಇಲಾಖೆ ಮತ್ತು ಕೊಳವೆಯ ಇಲಾಖೆಗೆ ಬೇರೆ ಬೇರೆ ಕ್ಯಾಲೆಂಡರುಗಳನ್ನು ಒದಗಿಸಲಾಗಿದೆ.

ಮುಚ್ಚಳ ಕಳೆದುಹೋದ ಗುಂಡಿಯಲ್ಲಿ ಮರದ ಕೊಂಬೆ ನೆಟ್ಟಿದ್ದರೆ: ಇದು ಎಚ್ಚರಿಕೆಯ ಸಂಕೇತ, ಬಳಸಿ ನಡೆಯಿರಿ. ಎಲೆ ಹಸಿರಾಗಿದ್ದರೆ ದೂರು ಇಂದಿನದು. ಒಣಗಿದ್ದರೆ ದೂರು ಕಡತದಲ್ಲಿದೆ. ಕೊಂಬೆ ಚಿಗುರಿದ್ದರೆ ವಾರ್ಡಿನ ಕೌನ್ಸಿಲರನ್ನು ಖುದ್ದಾಗಿ ಕಾಣಿರಿ.