ವಾಸ್ಕೋ ಡ ಗಾಮ ಸಾಹೇಬರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಾಹೇಬರೇ,

ಫೋರ್ಟ್ ಕೊಚ್ಚಿಯಿಂದ ಒಂದು ಬಸ್ಸು ತುಂಬ ಕನ್ನಡಿಗರ ನಮಸ್ಕಾರಗಳು. ಸೇಂಟ್ ಫ್ರಾನ್ಸಿಸ್ ಚರ್ಚಿಗೆ ತಮ್ಮ ದರ್ಶನಕ್ಕೆಂದೇ ಬಂದಿದ್ದೆವು, ತಾವಿರಲಿಲ್ಲ. 1524ರ ಕ್ರಿಸ್‌ಮಸ್ ಹಿಂದಿನ ದಿನ ಇದೇ ಊರಲ್ಲಿ ತೀರಿಕೊಂಡ ತಮ್ಮನ್ನು ಈ ಚರ್ಚಿನಲ್ಲೇ ಹೂತಿದ್ದರು, ಹದಿನಾಲ್ಕೈದು ವರ್ಷಕ್ಕೆಲ್ಲ ಮೂಳೆಗಳನ್ನು ಎತ್ತಿ ಪೋರ್ಚುಗಲ್ಲಿಗೆ ಸಾಗಿಸಿದರು. ಆದರೂ ನೆಲದ ಮೇಲಿನ ಕಲ್ಲಿನ ಸುತ್ತ ಕಂಬಿ ಕಟ್ಟಿ ಕಾಪಾಡಿದ್ದಾರೆ. ಇಲ್ಲದವರು ಇನ್ನೆಲ್ಲಿಗೆ ಓಡಿಹೋದಾರು ಎಂದು ಕೇಳುವ ಪುರುಸೊತ್ತು ನಮಗಿರಲಿಲ್ಲ. ಗೈಡ್ ಕೊಟ್ಟಿದ್ದು ಹತ್ತು ನಿಮಿಷ, ಸೆಲ್ಫಿಗೆ ಸಾಲು ಬಾಗಿಲವರೆಗೆ.

ಬೇಜಾರಿಲ್ಲ ಬಿಡಿ. ಫೋರ್ಟ್ ಕೊಚ್ಚಿಯಲ್ಲಿ ಫೋರ್ಟೂ ಇಲ್ಲ. ತಮ್ಮವರು ಕಟ್ಟಿದ್ದನ್ನು ಡಚ್ಚರು ಕುಗ್ಗಿಸಿದರು, ಉಳಿದದ್ದನ್ನು 1806ರಲ್ಲಿ ಇಂಗ್ಲಿಷರು ಕೆಡವಿ ಹಾಕಿದರು. ಮಟ್ಟಾಂಚೇರಿಯ ‘ಡಚ್ ಅರಮನೆ’ಯನ್ನು ಕಟ್ಟಿಸಿ ಕೊಚ್ಚಿಯ ರಾಜರಿಗೆ ಕೊಟ್ಟವರು ತಮ್ಮ ಪೋರ್ಚುಗೀಸರು, ರಿಪೇರಿ ಮಾಡಿಸಿದ್ದಕ್ಕೆ ಹೆಸರು ಹೊಡೆದುಕೊಂಡವರು ಡಚ್ಚರು. ಸುಣ್ಣ ಬಳಿಸಿದವರ ಹೆಸರನ್ನು ಶಿಲಾಫಲಕದಲ್ಲಿ ಓದಿ ರೂಢಿಯಿರುವ ನಮಗೆ ಇದೇನೂ ವಿಶೇಷ ಅನ್ನಿಸಲಿಲ್ಲ. 1568ರ ಯಹೂದಿ ದೇಗುಲಕ್ಕೆ ಹೋದರೆ ಶನಿವಾರ, ಬಾಗಿಲು ಹಾಕಿತ್ತು. ಅದನ್ನು ಕಟ್ಟಿದವರ ಮೊಮ್ಮಕ್ಕಳು ಮರಿಮಕ್ಕಳು ಬಹುತೇಕ ಇಸ್ರೇಲಿಗೆ ಹೋಗಿ ನೆಲೆಸಿದ್ದಾರೆ. ಬೀದಿಗೆ ಮಾತ್ರ ಇವತ್ತಿಗೂ ಜ್ಯೂ ಟೌನ್ ಎಂದೇ ಹೆಸರು. ಉದ್ದಕ್ಕೂ ಕಾಶ್ಮೀರಿ ಶಾಲಿನ ಅಂಗಡಿಗಳು.

ಇದ್ದದ್ದೆಂದರೆ ಚೀನಾ ಬಲೆ. ಬಾವಿಯ ಏತದ ಹಾಗೆ ಒಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳು, ಇನ್ನೊಂದು ತುದಿಯಲ್ಲಿ ಕೋಣೆಯಷ್ಟಗಲದ ಬಲೆ. ಮೀನುಗಾರರೊಬ್ಬರು ‘ವಾ ಸಾರ್’ ಎಂದು ಕರೆದು ನಮ್ಮ ಕೈಗೂ ಹಗ್ಗ ಕೊಟ್ಟರು. ಎಲ್ಲರೂ ಸೇರಿ ಏದುಸಿರು ಬಿಡುತ್ತ ಎಳೆದಾಗ ಮೇಲೆ ಬಂದದ್ದು ಒಂದು ಕಂತೆ ಅಂತರಗಂಗೆ, ಎರಡು ಏಡಿ, ಒಂದು ಪ್ಲಾಸ್ಟಿಕ್ ಬಾಟಲಿ. ಆಮೇಲೆ ಅವರು ಚಾಚಿದ ಕೈಗೆ ಬಿದ್ದದ್ದೇ ಆ ಎಳೆತದ ನಿಜವಾದ ಮೀನು. ತಪ್ಪು ಅವರದಲ್ಲ, ಏಡಿಯಿಂದ ಸಂಸಾರ ಸಾಗುತ್ತದೆಯೇ?

ವ್ಯಾಪಾರದ ವಿಷಯಕ್ಕೆ ಬರೋಣ. 1498ರಲ್ಲಿ ತಾವು ಕಲ್ಲಿಕೋಟೆಯ ಸಾಮೂತಿರಿಗೆಂದು ತಂದ ಉಡುಗೊರೆಯನ್ನು ಓದಿ ನಕ್ಕಿದ್ದೇವೆ: ಒಂದಿಷ್ಟು ಪಟ್ಟೆ ಬಟ್ಟೆ, ಆರು ಟೊಪ್ಪಿ, ಆರು ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಅರಮನೆಯ ಅಧಿಕಾರಿಗಳೂ ನಕ್ಕಿದ್ದರಂತೆ. ಈಗ ಲೆಕ್ಕ ಚುಕ್ತಾ ಆಗಿದೆ. ನಮ್ಮ ಬಸ್ಸಿನಲ್ಲಿದ್ದ ಶಿರಸಿ ಕಡೆಯ ತೋಟದ ಯಜಮಾನರು ಮಟ್ಟಾಂಚೇರಿಯಲ್ಲಿ ಚೌಕಾಸಿ ಮಾಡಿ ಮಾಡಿ ಕಾಲು ಕೆಜಿ ಕಾಳುಮೆಣಸು ಕೊಂಡರು. ‘ಅಟ್ಟದ ಮೇಲೆ ಎರಡು ಚೀಲ ಇದ್ದು’ ಎಂದು ಅವರ ಮನೆಯವರು ಗೊಣಗಿದ್ದು ಹಿಂದಿನ ಸೀಟಿನವರೆಗೂ ಕೇಳಿಸಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ತಮ್ಮವರೇ ಮೆಣಸಿನ ರಾಣಿ ಎಂದು ಕರೆದಿದ್ದರು. ಆ ರಾಣಿಯ ಸೀಮೆಯವರಿಗೇ ಮೆಣಸು ಮಾರುವ ಈ ಅಂಗಡಿಯವನನ್ನು ತಾವು ಲಿಸ್ಬನ್ನಿಗೆ ಕರೆದೊಯ್ದಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು.

ಗೈಡ್ ತಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿದ. ಮಹಾ ನಾವಿಕ, ಸಾಹಸಿ, ಇತ್ಯಾದಿ. 1502ರಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗನ್ನು ತಾವು ಹೆಂಗಸರು ಮಕ್ಕಳೆನ್ನದೆ ಸುಡಿಸಿದ್ದನ್ನು ಹೇಳಲಿಲ್ಲ. ಊಟದ ಹೊತ್ತಾಗಿತ್ತು. ಕರಿಮೀನು ಫ್ರೈ ತಣ್ಣಗಾದರೆ ಚೆನ್ನಾಗಿರುವುದಿಲ್ಲ ಎಂದು ನಾವೂ ಕೇಳಲಿಲ್ಲ.

ಕೊನೆಗೊಂದು ವಿಚಾರಣೆ. ನಮ್ಮ ಮುಂದಿನ ಪ್ರವಾಸ ಮಲ್ಪೆಗೆ. ಅಲ್ಲಿನ ಸೇಂಟ್ ಮೇರೀಸ್ ದ್ವೀಪಕ್ಕೆ ಇಳಿದು ಹೆಸರಿಟ್ಟವರು ತಾವೇ ಎಂಬ ಪ್ರತೀತಿ ಇದೆ. ನಿಜವಾಗಿ ಇಳಿದಿದ್ದಿರಾ, ದೂರದಿಂದ ನೋಡಿ ಮುಂದಕ್ಕೆ ಹೋದಿರಾ ಎಂಬುದನ್ನು ದಯಮಾಡಿ ತಿಳಿಸುವುದು. ಇಳಿದಿಲ್ಲವಾದರೆ ಉತ್ತರಿಸುವ ತೊಂದರೆ ತೆಗೆದುಕೊಳ್ಳಬೇಡಿ, ಅಡ್ವಾನ್ಸ್ ಕಟ್ಟಿಯಾಗಿದೆ.

ಇಂತಿ ತಮ್ಮ ವಿಧೇಯ,
ಕಿಟಕಿ ಸೀಟಿನ ಪ್ರವಾಸಿ